1874ರ ಒಂದು ನವಾಹೋ ಭಾವಚಿತ್ರ: ಅಡಿಬರಹದಲ್ಲಿ ಇಲ್ಲದ ಹೆಸರು

ಕೆಂಪುಮಣ್ಣು (ಚರ್ಚೆ ಆರಂಭಿಸಿದವರು)

ಹನ್ನೊಂದು ವರ್ಷಗಳಿಂದ ನ್ಯೂ ಮೆಕ್ಸಿಕೋ ರಾಜ್ಯದ ಅಲ್ಬುಕರ್ಕಿಯಲ್ಲಿ ವಾಸವಾಗಿದ್ದೇನೆ. ಕಳೆದ ತಿಂಗಳು ಇಲ್ಲಿನ ಹಳೆಯ ಸಾಮಾನುಗಳ ಸಂತೆಯಲ್ಲಿ ಒಂದು ಭಾವಚಿತ್ರದ ಮರುಮುದ್ರಣ ಕೈಗೆ ಬಂತು. ದಪ್ಪ ಉಣ್ಣೆಯ ಉಡುಪು ತೊಟ್ಟ, ನಗದ ಮುಖದ ಒಬ್ಬ ಹೆಂಗಸು. ರಟ್ಟಿನ ಹಿಂಬದಿಯಲ್ಲಿ ಯಾರೋ ಪೆನ್ಸಿಲಿನಿಂದ "ಮಾನ್ವೆಲಿಟೋನ ಸ್ಕ್ವಾ, ನವಾಹೋ" ಎಂದು ಬರೆದಿದ್ದರು. ನವಾಹೋ ಎಂದರೆ ಈ ಸೀಮೆಯ ಒಂದು ಮೂಲನಿವಾಸಿ ಜನಾಂಗ. ಸ್ಕ್ವಾ ಎಂಬುದು ಇಲ್ಲಿನ ಮೂಲನಿವಾಸಿ ಹೆಂಗಸರನ್ನು ಹೀಗಳೆಯಲು ಬಳಸುತ್ತಿದ್ದ ಪದ. 2022ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರವು ಸುಮಾರು 650 ಬೆಟ್ಟ, ಹಳ್ಳ, ಕಣಿವೆಗಳ ಹೆಸರಿನಿಂದ ಆ ಪದವನ್ನು ತೆಗೆದುಹಾಕಿತು. ಆದರೆ ಜನರ ಮನೆಗಳಲ್ಲಿರುವ ಹಳೆಯ ಚಿತ್ರಗಳ ಬೆನ್ನಿನ ಮೇಲೆ ಅದು ಇನ್ನೂ ಹಾಗೆಯೇ ಉಳಿದಿದೆ.

ಮನೆಗೆ ತಂದು ಹುಡುಕಿದಾಗ ಚಿತ್ರದ ಗುರುತು ಸಿಕ್ಕಿತು. ವಾಷಿಂಗ್ಟನ್ನಿನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಸ್ಟುಡಿಯೋ ಇಟ್ಟಿದ್ದ ಚಾರ್ಲ್ಸ್ ಬೆಲ್ ಎಂಬ ಛಾಯಾಗ್ರಾಹಕ 1874ರಲ್ಲಿ ತೆಗೆದ ಚಿತ್ರಗಳಲ್ಲಿ ಇದೊಂದು. ಆ ವರ್ಷದ ಕೊನೆಯಲ್ಲಿ ನವಾಹೋ ಮುಖಂಡರ ನಿಯೋಗವೊಂದು ತಮ್ಮ ನೆಲದ ಗಡಿಯ ಬಗ್ಗೆ ಮಾತನಾಡಲು ರಾಜಧಾನಿಗೆ ಹೋಗಿತ್ತು. ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರನ್ನೂ ಭೇಟಿಯಾಗಿತ್ತು. ಮುಖಂಡ ಮಾನ್ವೆಲಿಟೋ ಅದರಲ್ಲಿದ್ದ. ನಿಯೋಗದ ಗುಂಪುಚಿತ್ರದಲ್ಲಿ ಸಾಲುಸಾಲು ಗಂಡಸರ ನಡುವೆ ಕಾಣುವ ಒಬ್ಬಳೇ ಹೆಂಗಸು ಈಕೆ. ಸಂಗ್ರಹಾಲಯಗಳ ದಾಖಲೆಗಳಲ್ಲಿ ಈಕೆಯ ಹೆಸರು ಹ್ವಾನಿಟಾ, ಅಂದರೆ ಸ್ಪ್ಯಾನಿಷ್ ಭಾಷೆಯವರು ಕರೆದ ಹೆಸರು. ಅದರ ಪಕ್ಕದಲ್ಲಿ ತಪ್ಪದೆ "ಮಾನ್ವೆಲಿಟೋನ ಹೆಂಡತಿ" ಎಂಬ ವಿವರಣೆ ಇರುತ್ತದೆ. ಆಕೆಯ ಜನ ಆಕೆಯನ್ನು ಕರೆದದ್ದು ಅಸ್‌ಜಾ ತ್ಲೋಗೀ ಎಂದು. ಅಸ್‌ಜಾ ಎಂದರೆ ಹೆಂಗಸು. ಪೂರ್ತಿ ಹೆಸರನ್ನು "ನೇಕಾರ ಹೆಂಗಸು" ಎಂದು ಅರ್ಥ ಮಾಡುತ್ತಾರೆ.

ನನ್ನನ್ನು ಕಾಡುತ್ತಿರುವುದು ಆ "ಹೆಂಡತಿ" ಎಂಬ ಪದ. ನವಾಹೋ ಜನರು ತಮ್ಮನ್ನು ಡಿನೇ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ. ಇಂದಿಗೂ ಒಬ್ಬ ಡಿನೇ ವ್ಯಕ್ತಿ ಸಭೆಯಲ್ಲಿ ತನ್ನ ಪರಿಚಯ ಹೇಳುವಾಗ ಮೊದಲು ತಾಯಿಯ ಬಳಿ, ಆಮೇಲೆ ತಂದೆಯ ಬಳಿ, ಅನಂತರ ತಾಯಿಯ ತಂದೆಯದು, ತಂದೆಯ ತಂದೆಯದು ಎಂದು ನಾಲ್ಕನ್ನೂ ಹೇಳುತ್ತಾನೆ. ಮದುವೆಯಾದ ಗಂಡು ಹೆಣ್ಣಿನ ತಾಯಿಯ ಮನೆಯ ಕಡೆಗೆ ಹೋಗಿ ನೆಲೆಸುವುದು ಅಲ್ಲಿನ ಹಳೆಯ ರೂಢಿ. ಮನೆ ಹೆಂಗಸಿನದು, ಕುರಿಮಂದೆಯಲ್ಲಿ ಆಕೆಯ ಪಾಲು ಆಕೆಯದೇ. ಇಂಥ ಸಮಾಜದ ಒಬ್ಬ ಹೆಂಗಸಿನ ಗುರುತನ್ನು ಗಂಡನ ಮೂಲಕ ಮಾತ್ರ ಬರೆದಾಗ ನಾವು ಆಕೆಯ ಚಿತ್ರವನ್ನು ತಲೆಕೆಳಗು ಮಾಡಿ ಗೋಡೆಗೆ ನೇತುಹಾಕಿದಂತೆ ಆಗುವುದಿಲ್ಲವೇ? ಛಾಯಾಗ್ರಹಣ, ನೇಯ್ಗೆ, ಇತಿಹಾಸ ಬಲ್ಲವರು ಇಲ್ಲಿದ್ದೀರಿ. ಈ ಚಿತ್ರವನ್ನು ಹೇಗೆ ಓದಬೇಕೆಂದು ದಯವಿಟ್ಟು ತಿಳಿಸಿಕೊಡಿ.

ಹಳೇ ನೆಗೆಟಿವ್

ನಲವತ್ತು ವರ್ಷ ಸ್ಟುಡಿಯೋ ಕತ್ತಲೆಕೋಣೆಯಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: 1874ರ ಚಿತ್ರದಲ್ಲಿ ಕಾಣುವ ಬಣ್ಣಗಳನ್ನು, ಅಂದರೆ ಕಪ್ಪು, ಬೂದು, ಬಿಳಿಯನ್ನು, ಯಾರೂ ಹಾಗೆಯೇ ನಂಬಬಾರದು. ಆಗ ಬಳಕೆಯಲ್ಲಿದ್ದದ್ದು 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನ. ಗಾಜಿನ ಹಲಗೆಗೆ ಅಂಟುದ್ರವ ಸುರಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಕ್ಯಾಮೆರಾಕ್ಕೆ ಹಾಕಿ, ಚಿತ್ರ ತೆಗೆದು, ತೊಳೆದು ಮುಗಿಸಬೇಕು. ಹತ್ತು ಹದಿನೈದು ನಿಮಿಷದೊಳಗೆ ಎಲ್ಲವೂ ಆಗಬೇಕು.

ಈ ಹಲಗೆಗೆ ನೀಲಿ ಮತ್ತು ನೇರಳಾತೀತ ಬೆಳಕು ಮಾತ್ರ ಚೆನ್ನಾಗಿ ಕಾಣುತ್ತದೆ. ಕೆಂಪು ಅದಕ್ಕೆ ಹೆಚ್ಚುಕಡಿಮೆ ಕತ್ತಲೆ. ಹಾಗಾಗಿ ಕಡುಗೆಂಪು ಬಟ್ಟೆ ಕಪ್ಪಾಗಿ ಮೂಡುತ್ತದೆ, ಆಕಾಶ ಬೆಳ್ಳಗಾಗುತ್ತದೆ, ಟರ್ಕಾಯ್ಸ್ ಎಂಬ ನೀಲಿಹಸಿರು ಕಲ್ಲಿನ ಮಣಿಗಳು ಮಂಕು ಬಿಳಿಯಾಗಿ ಸುಣ್ಣದ ಕಲ್ಲಿನಂತೆ ಕಾಣುತ್ತವೆ. ಇನ್ನು ಚರ್ಮದ ಮಾತು. ಕಂದು ಚರ್ಮದಲ್ಲಿ ಕೆಂಪು ಹಳದಿಯ ಅಂಶ ಹೆಚ್ಚು. ಕೊಲೋಡಿಯನ್ ಅದನ್ನು ಇರುವುದಕ್ಕಿಂತ ಬಹಳ ಕಪ್ಪಾಗಿ ತೋರಿಸುತ್ತದೆ. ಕಣ್ಣಿನ ಸುತ್ತಲಿನ ಗೆರೆ, ಬಿಸಿಲಿನಿಂದ ಬಂದ ಕಲೆ ಎಲ್ಲವನ್ನೂ ಕೆತ್ತಿದ ಹಾಗೆ ಎತ್ತಿಹಿಡಿಯುತ್ತದೆ. ಮೂವತ್ತರ ಹೆಂಗಸು ನಲವತ್ತೈದರ ಹಾಗೆ ಕಾಣುವುದು ಇದರಿಂದ. ಹಳೆಯ ಚಿತ್ರಗಳಲ್ಲಿ ಮೂಲನಿವಾಸಿಗಳ ಮುಖ ಕಲ್ಲಿನಂತೆ ಗಡುಸಾಗಿದೆ ಎಂದು ವರ್ಣಿಸುವವರು, ಆ ಗಡುಸುತನದ ಎಷ್ಟು ಪಾಲು ಬೆಳ್ಳಿಯ ಲವಣಕ್ಕೆ ಸೇರಬೇಕು ಎಂದು ಒಮ್ಮೆ ಯೋಚಿಸಬೇಕು.

ನಗದ ಮುಖಕ್ಕೂ ಹೀಗೆಯೇ ಒಂದು ಕಾರಣವಿದೆ. ಸ್ಟುಡಿಯೋದ ಗಾಜಿನ ಚಾವಣಿಯಿಂದ ಬರುವ ಬೆಳಕಿನಲ್ಲಿ ಕೆಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ತಲೆಯ ಹಿಂದೆ ಕಬ್ಬಿಣದ ಕವೆಯೊಂದನ್ನು ಕುತ್ತಿಗೆಗೆ ತಾಗುವಂತೆ ನಿಲ್ಲಿಸುತ್ತಿದ್ದರು. ಆ ಕಾಲದಲ್ಲಿ ವಾಷಿಂಗ್ಟನ್ನಿನ ಸೆನೆಟರುಗಳೂ ಅವರ ಪತ್ನಿಯರೂ ನಗದೆಯೇ ಕೂತಿದ್ದಾರೆ. ಅವರ ಮುಖವನ್ನು ಗಂಭೀರ ಎನ್ನುತ್ತೇವೆ, ಈಕೆಯ ಮುಖವನ್ನು ದುಃಖಿತ ಎನ್ನುತ್ತೇವೆ. ದುಃಖ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅದನ್ನು ತುಟಿಯ ಗೆರೆಯಿಂದ ಓದಲು ಬರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಬೆಟಗೇರಿ ಮಗ್ಗ

ನಾವು ಗದಗ-ಬೆಟಗೇರಿಯ ನೇಕಾರ ಮನೆತನದವರು. ಆಕೆಯ ಹೆಸರಿನ ಅರ್ಥ ಓದಿದ ಮೇಲೆ ಈ ಚರ್ಚೆಯನ್ನು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ನವಾಹೋ ನೇಯ್ಗೆಯ ಬಗ್ಗೆ ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಒಂದು ಪ್ರದರ್ಶನದಲ್ಲಿ ಡಿನೇ ನೇಕಾರ್ತಿಯೊಬ್ಬರು ಕುಳಿತು ನೇಯುವುದನ್ನು ಅರ್ಧ ದಿನ ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಆ ಮಗ್ಗ ನೆಟ್ಟಗೆ ನಿಂತಿರುತ್ತದೆ. ನಮ್ಮ ಕುಣಿಮಗ್ಗದಂತೆ ಕಾಲಿಗೆ ಹಲಗೆಯಿಲ್ಲ, ಹಾರುವ ಲಾಳಿಯಿಲ್ಲ. ನೇಕಾರ್ತಿ ನೆಲದ ಮೇಲೆ ಕುಳಿತು ಹೊಕ್ಕಿನ, ಅಂದರೆ ಅಡ್ಡದ, ನೂಲನ್ನು ಬೆರಳಿನಿಂದಲೇ ಹಾಸಿನ, ಅಂದರೆ ಉದ್ದದ, ನೂಲುಗಳ ನಡುವೆ ತೂರಿಸಿ, ಮರದ ಬಾಚಣಿಗೆಯಿಂದ ಕುಟ್ಟಿ ಕೂರಿಸುತ್ತಾಳೆ. ಕುಟ್ಟುವುದು ಎಷ್ಟು ಬಿಗಿಯೆಂದರೆ ಹಾಸು ಒಂದೆಳೆಯೂ ಹೊರಗೆ ಕಾಣುವುದಿಲ್ಲ. ಕಣ್ಣಿಗೆ ಬೀಳುವುದೆಲ್ಲ ಹೊಕ್ಕು. ಹಾಸನ್ನು ಒಂದೇ ನೂಲಿನಲ್ಲಿ ಮೇಲೆ ಕೆಳಗೆ ಸುತ್ತಿರುವುದರಿಂದ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ತೆಗೆಯಬೇಕಾಗಿಲ್ಲ, ನಾಲ್ಕೂ ಅಂಚು ತಾವಾಗಿಯೇ ಮುಗಿದಿರುತ್ತವೆ. ಕೈಗೆ ಎಟಕುವಷ್ಟು ಅಗಲವನ್ನು ಮೊದಲು ನೇಯ್ದು, ಆಮೇಲೆ ಪಕ್ಕಕ್ಕೆ ಸರಿದು ಉಳಿದದ್ದನ್ನು ಕೂಡಿಸುವಾಗ ಬಟ್ಟೆಯಲ್ಲಿ ಓರೆಯಾದ ಸಣ್ಣ ಗೆರೆಯೊಂದು ಉಳಿಯುತ್ತದೆ. ಸಂಗ್ರಾಹಕರು ಅದನ್ನು "ಲೇಜಿ ಲೈನ್" ಎಂದು ಕರೆಯುತ್ತಾರೆ. ಸೋಮಾರಿತನಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ಹೆಂಗಸಿನ ತೋಳು ಎಲ್ಲಿಯವರೆಗೆ ಚಾಚಿತ್ತು ಎಂಬುದರ ಗುರುತು ಅದು. ನೂರೈವತ್ತು ವರ್ಷ ಹಳೆಯ ಕಂಬಳಿಯಲ್ಲಿಯೂ ಆ ತೋಳಿನ ಅಳತೆ ಉಳಿದಿರುತ್ತದೆ.

ಆಕೆ ತೊಟ್ಟಿರುವ ಉಡುಪಿಗೆ ಬಿಯೀಲ್ ಎನ್ನುತ್ತಾರೆ. ಒಂದೇ ಅಳತೆಯ ಎರಡು ಆಯತಾಕಾರದ ತುಂಡುಗಳನ್ನು ನೇಯ್ದು ಭುಜದಲ್ಲಿಯೂ ಪಕ್ಕಗಳಲ್ಲಿಯೂ ಹೊಲಿದರೆ ಉಡುಪು ಸಿದ್ಧ. ನಡುವಿಗೆ ನೇಯ್ದ ಪಟ್ಟಿ. ಸಾಮಾನ್ಯವಾಗಿ ನಡುಭಾಗ ಕಪ್ಪು ಅಥವಾ ಕಡುಕಂದು, ಮೇಲೂ ಕೆಳಗೂ ಅಗಲವಾದ ಕೆಂಪು ಅಂಚು, ಆ ಅಂಚಿನೊಳಗೆ ಇಂಡಿಗೋ ನೀಲಿಯ ವಿನ್ಯಾಸ. ಒಳ್ಳೆಯ ಕೆಂಪು ಬೇಕಾದಾಗ ವ್ಯಾಪಾರದಲ್ಲಿ ಬಂದ ಕೆಂಪು ಉಣ್ಣೆಬಟ್ಟೆಯನ್ನು ಎಳೆಎಳೆಯಾಗಿ ಬಿಡಿಸಿ ಆ ನೂಲನ್ನು ಮತ್ತೆ ನೇಯುತ್ತಿದ್ದರು. ಬಾಯೆಟಾ ಎಂದು ಅದರ ಹೆಸರು. ಹಳೇ ನೆಗೆಟಿವ್ ಅವರು ಹೇಳಿದ್ದನ್ನು ಇದಕ್ಕೆ ಕೂಡಿಸಿ ನೋಡಿ. ಕೆಂಪೂ ಕಪ್ಪೂ ಒಂದೇ ಕತ್ತಲೆಯಾಗಿ ಮೂಡಿದರೆ, ನೇಕಾರ್ತಿಯ ಇಡೀ ವಿನ್ಯಾಸವೇ ಚಿತ್ರದಲ್ಲಿ ಮುಚ್ಚಿಹೋಗಿರುತ್ತದೆ. ನಾವು ಒಂದೇ ಬಣ್ಣದ ಭಾರದ ಬಟ್ಟೆ ಎಂದುಕೊಳ್ಳುವ ಜಾಗದಲ್ಲಿ ಬೆಂಕಿಯಂಥ ಕೆಂಪು ಇದ್ದಿರಬಹುದು.

ಹಳೇ ನೆಗೆಟಿವ್

ನೀವು ಹೇಳಿದ್ದು ಸರಿ, ಇನ್ನೊಂದನ್ನು ಸೇರಿಸುತ್ತೇನೆ. ಇಂಡಿಗೋ ನೀಲಿ ನಮ್ಮ ಕಣ್ಣಿಗೆ ಕೆಂಪಿಗಿಂತ ಕಡುವಾಗಿ ಕಾಣುತ್ತದೆ, ಆದರೆ ಕೊಲೋಡಿಯನ್ ಹಲಗೆಯಲ್ಲಿ ಅದು ಕೆಂಪಿಗಿಂತ ತಿಳಿಯಾಗಿ ಬೀಳುತ್ತದೆ. ಆದ್ದರಿಂದ ಒಳ್ಳೆಯ ಪ್ರತಿಯಲ್ಲಿ ಕತ್ತಲೆಯ ಅಂಚಿನೊಳಗೆ ಮಂಕು ಬೂದು ಮೆಟ್ಟಿಲುಗಳೋ ಗೆರೆಗಳೋ ತೇಲಿದಂತೆ ಕಂಡರೆ ಅವು ನೀಲಿಯೇ ಇರಬಹುದು. ಸಂತೆಯಲ್ಲಿ ಸಿಕ್ಕ ಮರುಮುದ್ರಣದಲ್ಲಿ ಅಷ್ಟು ವಿವರ ಉಳಿದಿರುವುದಿಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಮಾನವಶಾಸ್ತ್ರ ದಾಖಲೆಗಳ ಭಂಡಾರದಲ್ಲಿ ಬೆಲ್ ತೆಗೆದ ನಿಯೋಗಗಳ ಚಿತ್ರಗಳಿವೆ. ಅಲ್ಲಿನ ಪ್ರತಿಯನ್ನು ದೊಡ್ಡದು ಮಾಡಿ ನೋಡುವುದು ಒಳ್ಳೆಯದು.

ನೋಡುವ ಮೊದಲು

ಎಲ್ಲರೂ ಬಟ್ಟೆ ಮತ್ತು ರಾಸಾಯನಿಕದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ನಾನು ಅದಕ್ಕಿಂತ ಹಿಂದಿನ ಪ್ರಶ್ನೆಯನ್ನು ಕೇಳಬೇಕಾಗಿದೆ. ಈ ಚಿತ್ರವನ್ನು ನಾವು ಹೀಗೆ ಹಂಚಿಕೊಂಡು ನೋಡುವುದು ಸರಿಯೇ?

1863-64ರಲ್ಲಿ ಅಮೆರಿಕದ ಸೇನಾಧಿಕಾರಿ ಕಿಟ್ ಕಾರ್ಸನ್‌ನ ಸೈನ್ಯ ಡಿನೇ ಜನರ ಜೋಳದ ಹೊಲಗಳನ್ನು ಸುಟ್ಟಿತು, ಪೀಚ್ ತೋಟಗಳನ್ನು ಕಡಿಯಿತು, ಕುರಿಗಳನ್ನು ಕೊಂದಿತು. ಹಸಿವಿನಿಂದ ಶರಣಾದವರನ್ನು ಸುಮಾರು 500 ಕಿಲೋಮೀಟರ್ ನಡೆಸಿಕೊಂಡು ಹೋಗಿ ಪೇಕೋಸ್ ನದಿಯ ದಂಡೆಯ ಬೋಸ್ಕೆ ರೆಡೊಂಡೋದಲ್ಲಿ, ಫೋರ್ಟ್ ಸಮ್ನರ್ ಎಂಬ ಸೇನಾ ಠಾಣೆಯ ಕಾವಲಿನಲ್ಲಿ ಕೂಡಿಹಾಕಿದರು. ಡಿನೇ ಜನ ಆ ಜಾಗವನ್ನು ಹ್ವೇಲ್ಡಿ ಎನ್ನುತ್ತಾರೆ. ಅಲ್ಲಿನ ನೀರು ಕ್ಷಾರ, ಬೆಳೆಗೆ ಹುಳು, ಉರುವಲಿಗೆ ಮೈಲುಗಟ್ಟಲೆ ನಡೆಯಬೇಕು. ಒಂದು ಹಂತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮಾನ್ವೆಲಿಟೋ ಕಟ್ಟಕಡೆಗೆ, 1866ರಲ್ಲಿ ಶರಣಾದ. 1868ರ ಜೂನ್ 1ರಂದು ಒಪ್ಪಂದವಾಗಿ ಅವರು ತಮ್ಮ ನಾಡಿಗೆ ಹಿಂದಿರುಗಿದರು. ಅಂದರೆ ಬೆಲ್ ಈ ಚಿತ್ರ ತೆಗೆದದ್ದು ಆ ಸೆರೆ ಮುಗಿದು ಆರೇ ವರ್ಷಕ್ಕೆ. ಸೆರೆಯಲ್ಲಿಟ್ಟ ಸರ್ಕಾರದ ರಾಜಧಾನಿಯಲ್ಲಿ, ಆ ಸರ್ಕಾರದ ಸಂಗ್ರಹಕ್ಕಾಗಿ ಕೂರಿಸಿದ ಹೆಂಗಸು ಮನಸ್ಸಿನಿಂದ ಒಪ್ಪಿದ್ದಳೆಂದು ಹೇಗೆ ತಿಳಿಯುವುದು? ಅಲ್ಲದೆ ಸತ್ತವರ ಬಗ್ಗೆ ಹೆಚ್ಚು ಮಾತನಾಡಬಾರದೆಂಬ ಎಚ್ಚರಿಕೆ ಡಿನೇ ಸಂಪ್ರದಾಯದಲ್ಲಿ ಬಲವಾಗಿದೆ.

ನಮ್ಮಲ್ಲಿಯೂ ಇಂಥದ್ದು ನಡೆದಿದೆ. ಅದೇ 1868ರಿಂದ 1875ರವರೆಗೆ ಬ್ರಿಟಿಷ್ ಸರ್ಕಾರ ಎಂಟು ಸಂಪುಟಗಳಲ್ಲಿ ಭಾರತದ ಜಾತಿ ಬುಡಕಟ್ಟುಗಳ ಛಾಯಾಚಿತ್ರಗಳನ್ನು ಪ್ರಕಟಿಸಿತು. ಅಲ್ಲಿ ಎಷ್ಟೋ ಜನರಿಗೆ ಹೆಸರಿಲ್ಲ, ಜಾತಿಯ ಹೆಸರು ಮಾತ್ರ ಇದೆ. ನನಗೆ ಆ ಪುಟಗಳನ್ನು ತಿರುವುವಾಗ ಆಗುವ ಸಂಕಟವೇ ಈ ಚಿತ್ರ ನೋಡಿದಾಗಲೂ ಆಯಿತು.

ಕೆಂಪುಮಣ್ಣು

ನಿಮ್ಮ ಪ್ರಶ್ನೆ ನನಗೂ ಇತ್ತು, ಅದನ್ನು ನೀವು ನನಗಿಂತ ಸ್ಪಷ್ಟವಾಗಿ ಕೇಳಿದ್ದೀರಿ. ಇದಕ್ಕೆ ಉತ್ತರ ಹೇಳುವ ಹಕ್ಕು ನನಗಿಂತ ಬೇರೆಯವರಿಗೆ ಹೆಚ್ಚು ಇದೆ. ಅವರು ಏನು ಮಾಡಿದ್ದಾರೆ ಎಂಬುದನ್ನಷ್ಟೇ ತಿಳಿಸುತ್ತೇನೆ.

ಜೆನಿಫರ್ ನೆಜ್ ಡೆನೆಟ್‌ಡೇಲ್ ಎಂಬ ಇತಿಹಾಸಕಾರ್ತಿ ಇದ್ದಾರೆ. ಇತಿಹಾಸ ವಿಷಯದಲ್ಲಿ ಪಿಎಚ್.ಡಿ. ಪಡೆದ ಮೊದಲ ಡಿನೇ ವ್ಯಕ್ತಿ ಅವರು. ನಮ್ಮ ಊರಿನ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಹ್ವಾನಿಟಾ ಮತ್ತು ಮಾನ್ವೆಲಿಟೋ ಈ ಡೆನೆಟ್‌ಡೇಲ್ ಅವರ ಮುತ್ತಜ್ಜಿ ಮುತ್ತಜ್ಜರ ಸಾಲಿನ ಹಿರಿಯರು, ನೇರ ಪೂರ್ವಜರು. 2007ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಈ ಚಿತ್ರಗಳಿಗೇ ದೊಡ್ಡ ಸ್ಥಾನವಿದೆ. ಮಾನ್ವೆಲಿಟೋನ ಬಗ್ಗೆ ಬಿಳಿಯ ಇತಿಹಾಸಕಾರರು ಪುಟಗಟ್ಟಲೆ ಬರೆದಿದ್ದರು, ಹ್ವಾನಿಟಾಳ ಬಗ್ಗೆ ಬರೆದದ್ದು ಅತ್ಯಲ್ಪ. ಕಾಗದದ ದಾಖಲೆಗಳಲ್ಲಿ ಆಕೆ ಮಾತನಾಡುವುದೇ ಇಲ್ಲ, ಚಿತ್ರಗಳಲ್ಲಿ ಮಾತ್ರ ಇದ್ದಾಳೆ. ಆದರೆ ಮನೆಯ ಹಿರಿಯ ಹೆಂಗಸರು ಹೇಳಿಕೊಂಡು ಬಂದ ಕಥೆಗಳಲ್ಲಿ ಆಕೆ ಕುಟುಂಬವನ್ನು ಹಿಡಿದು ನಿಲ್ಲಿಸಿದ ತಾಯಿಯಾಗಿ ಉಳಿದಿದ್ದಳು. ಡೆನೆಟ್‌ಡೇಲ್ ಆ ಚಿತ್ರಗಳನ್ನೂ ಈ ಕಥೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರು. ಲಾಸ್ ಏಂಜಲೀಸ್‌ನ ಸೌತ್‌ವೆಸ್ಟ್ ಸಂಗ್ರಹಾಲಯದಲ್ಲಿದ್ದ ಹ್ವಾನಿಟಾಳ ಬಿಯೀಲ್ ಉಡುಪನ್ನೂ ಹೋಗಿ ನೋಡಿದರು. ಚಿತ್ರ ತೆಗೆಸಿದವರ ಉದ್ದೇಶ ಏನೇ ಇದ್ದಿರಲಿ, ಆ ಚಿತ್ರ ಮೊಮ್ಮಕ್ಕಳ ಮೊಮ್ಮಕ್ಕಳ ಕೈಗೆ ಬಂದಾಗ ಅದು ಸರ್ಕಾರದ ದಾಖಲೆಯಾಗಿ ಉಳಿಯಲಿಲ್ಲ, ಅಜ್ಜಿಯ ಮುಖವಾಯಿತು ಎಂಬುದು ನನ್ನ ತಿಳುವಳಿಕೆ.

ಬೆಟಗೇರಿಯವರಿಗೆ ಇನ್ನೊಂದು ಚಿತ್ರದ ವಿಷಯ ಹೇಳಲೇಬೇಕು. ಅದೇ 1874ರಲ್ಲಿ ನಿಯೋಗದ ಜೊತೆಗೆ ಹೋಗಿದ್ದವನು ವಿಲಿಯಂ ಆರ್ನಿ, ಡಿನೇ ಜನರ ಮೇಲೆ ಸರ್ಕಾರ ನೇಮಿಸಿದ್ದ ಏಜೆಂಟ್. ಆತನೂ ಹ್ವಾನಿಟಾಳೂ ಇರುವ ಒಂದು ಚಿತ್ರದಲ್ಲಿ ಒಂದು ಸಣ್ಣ ಮಗ್ಗವಿದೆ, ಅದರ ಮೇಲೆ ನೇಯುತ್ತಿರುವುದು ಅಮೆರಿಕದ ಧ್ವಜದ ವಿನ್ಯಾಸ. ಏಜೆಂಟನಿಗೆ ಅದು ತನ್ನ ಆಳ್ವಿಕೆಯ ಯಶಸ್ಸಿನ ಸಾಕ್ಷಿ. ಮರುವರ್ಷ ಡಿನೇ ಮುಖಂಡರು ಆತನನ್ನು ತೆಗೆದುಹಾಕಬೇಕೆಂದು ಪಟ್ಟು ಹಿಡಿದರು, ಆತ ಹೊರಟುಹೋದ.

ಬೆಟಗೇರಿ ಮಗ್ಗ

ಇದು ನನಗೆ ಗೊತ್ತಿರಲಿಲ್ಲ, ತುಂಬ ಹೊತ್ತು ಯೋಚಿಸಿದೆ. ನೇಯ್ಗೆಯ ಕಣ್ಣಿನಿಂದ ಒಂದು ಮಾತು. ಕೆಂಪು ಬಿಳಿ ಪಟ್ಟೆ ನೇಯುವುದು ಡಿನೇ ನೇಕಾರ್ತಿಗೆ ಕಷ್ಟವಲ್ಲ, ಅವರ ಹಳೆಯ ಹೊದಿಕೆಗಳಲ್ಲಿ ಅಡ್ಡಪಟ್ಟೆಯವು ಬಹಳ. ನಕ್ಷತ್ರಗಳು ಕಷ್ಟ, ಏಕೆಂದರೆ ಹೊಕ್ಕಿನಲ್ಲಿ ಮೂಡಿಸುವ ವಿನ್ಯಾಸ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಐದು ಮೊನೆಯ ನಕ್ಷತ್ರ ಆ ಮೆಟ್ಟಿಲಿಗೆ ಸುಲಭವಾಗಿ ಒಗ್ಗುವುದಿಲ್ಲ. ಬೇರೆಯವರ ಚಿಹ್ನೆಯನ್ನು ತನ್ನ ಮಗ್ಗದ ವ್ಯಾಕರಣಕ್ಕೆ ಬಗ್ಗಿಸಿಕೊಳ್ಳುವ ಆ ಕೆಲಸದಲ್ಲಿ ಕೈ ಎಲ್ಲಿ ತಡೆಯುತ್ತದೆ, ಎಲ್ಲಿ ದಾರಿ ಹುಡುಕುತ್ತದೆ ಎಂಬುದು ನೇಯುವವರಿಗೆ ಗೊತ್ತು. ಆ ಚಿತ್ರದಲ್ಲಿ ನಾನು ಮೊದಲು ನೋಡುವುದು ಧ್ವಜವನ್ನಲ್ಲ, ಆ ತಡೆದ ಜಾಗವನ್ನು.

ಗೋಡೆಯ ಚಿತ್ರ

ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ನಮ್ಮ ಮನೆಯ ಹಜಾರದಲ್ಲಿ ಎಡ್ವರ್ಡ್ ಕರ್ಟಿಸ್ ತೆಗೆದ ನವಾಹೋ ಚಿತ್ರವೊಂದರ ದೊಡ್ಡ ಮುದ್ರಣವಿದೆ: ಕುದುರೆ ಸವಾರರ ಸಾಲೊಂದು ಬೆನ್ನು ತೋರಿಸಿ ಕತ್ತಲೆಯ ಕಡೆಗೆ ಹೋಗುತ್ತಿರುವ ಚಿತ್ರ, ಕೆಳಗೆ "ಮರೆಯಾಗುತ್ತಿರುವ ಜನಾಂಗ" ಎಂಬ ಅರ್ಥದ ಅಡಿಬರಹ. ಮೂವತ್ತು ವರ್ಷದ ಹಿಂದೆ ಅಮೆರಿಕದಿಂದ ಬರುವಾಗ ಅಪ್ಪ ತಂದದ್ದು. ಅದರ ಸೌಂದರ್ಯಕ್ಕೆ ಮಾರುಹೋಗಿ ಬೆಳೆದವಳು ನಾನು. ಈ ಚರ್ಚೆ ಓದಿದ ಮೇಲೆ ಅದನ್ನು ನೋಡುವಾಗ ಕಸಿವಿಸಿಯಾಗುತ್ತಿದೆ. ಇಳಿಸಿಬಿಡಬೇಕೇ? ಕರ್ಟಿಸ್ ಚಿತ್ರಗಳೂ ಬೆಲ್ ಚಿತ್ರಗಳೂ ಒಂದೇ ಬಗೆಯವೇ?

ಹಳೇ ನೆಗೆಟಿವ್

ಎರಡೂ ಬೇರೆ ಬೇರೆ. ಬೆಲ್‌ನದು ದಾಖಲೆಗಾಗಿ ತೆಗೆದ ಚಿತ್ರ. ರಾಜಧಾನಿಗೆ ಬಂದವರನ್ನು ಸ್ಟುಡಿಯೋದಲ್ಲಿ ಕೂರಿಸಿ ತೆಗೆಯುತ್ತಿದ್ದ. ಕರ್ಟಿಸ್ ಕಲಾವಿದ. ಮೂವತ್ತು ವರ್ಷ ಊರೂರು ಅಲೆದು, ಬ್ಯಾಂಕ್ ಧಣಿ ಜೆ. ಪಿ. ಮಾರ್ಗನ್ ಕೊಟ್ಟ ಹಣದ ನೆರವಿನಿಂದ 1907ರಿಂದ 1930ರವರೆಗೆ ಇಪ್ಪತ್ತು ಸಂಪುಟಗಳನ್ನು ಹೊರತಂದ. ತಾಮ್ರದ ಹಲಗೆಯಿಂದ ಕೈಯಲ್ಲಿ ಮುದ್ರಿಸುವ ಫೋಟೋಗ್ರಾವ್ಯೂರ್ ವಿಧಾನ ಬಳಸಿದ್ದರಿಂದ ಆ ಕಂದು ಬಣ್ಣದ ಮೃದುತ್ವ ಬಂದಿದೆ. ನಿಮ್ಮ ಮನೆಯ ಚಿತ್ರ 1904ರದು, ಮೊದಲ ಸಂಪುಟದ ಜೊತೆಗಿನ ಚಿತ್ರಗಳಲ್ಲಿ ಮೊದಲನೆಯದು. ಕೆಲಸದ ಮಟ್ಟದಲ್ಲಿ ಅವನಿಗೆ ನಾನು ಕೈಮುಗಿಯುತ್ತೇನೆ. ಆದರೆ ಅವನು ತನಗೆ ಬೇಕಾದ ಹಳೆತನವನ್ನು ಚಿತ್ರದಲ್ಲಿ ಕೂರಿಸುತ್ತಿದ್ದ. ಪೀಗನ್ ಜನರ ಡೇರೆಯೊಳಗೆ ತೆಗೆದ ಚಿತ್ರವೊಂದರಲ್ಲಿ ಇಬ್ಬರ ನಡುವೆ ಗಡಿಯಾರವಿತ್ತು. ಪ್ರಕಟಿಸುವಾಗ ಅದನ್ನು ಅಳಿಸಿಹಾಕಿದ. ಗಡಿಯಾರ ಇಟ್ಟುಕೊಂಡವರು ಮರೆಯಾಗುತ್ತಿರುವ ಜನಾಂಗದಂತೆ ಕಾಣುವುದಿಲ್ಲವಲ್ಲ.

ಮರೆಯಾದರೇ ಎಂಬುದಕ್ಕೆ ಲೆಕ್ಕವೇ ಉತ್ತರ. ಹ್ವೇಲ್ಡಿಯಿಂದ ಮರಳಿದವರು ಏಳೆಂಟು ಸಾವಿರ. ಇಂದು ನವಾಹೋ ನೇಷನ್ನಿನಲ್ಲಿ, ಅಂದರೆ ಅವರ ಸ್ವಯಮಾಡಳಿತದ ನಾಡಿನಲ್ಲಿ, ನೋಂದಾಯಿತ ಸದಸ್ಯರು ಸುಮಾರು 4 ಲಕ್ಷ. ಅವರ ನೆಲ ಸುಮಾರು 70,000 ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಚಿತ್ರ ಇಳಿಸಬೇಕೋ ಬೇಡವೋ ನೀವೇ ತೀರ್ಮಾನಿಸಿ. ನಾನಾಗಿದ್ದರೆ ಚಿತ್ರವನ್ನು ಇಟ್ಟುಕೊಂಡು ಆ ಅಡಿಬರಹವನ್ನು ಮುಚ್ಚುತ್ತಿದ್ದೆ.

ಹಳೆಯ ಚಿತ್ರಗಳ ಕಾಲ ಗುರುತಿಸುವವರಿಗೆ ಒಂದೆರಡು ಸುಳಿವು ಕೊಡುತ್ತೇನೆ. ಡಿನೇ ಅಕ್ಕಸಾಲಿಗರು ಬೆಳ್ಳಿಯಲ್ಲಿ ನೀಲಿಹಸಿರು ಕಲ್ಲು ಕೂರಿಸಲು ತೊಡಗಿದ್ದು ಸುಮಾರು 1880ರ ಹೊತ್ತಿಗೆ. ಆದ್ದರಿಂದ ಬೆಳ್ಳಿಯೊಳಗೆ ಕಲ್ಲು ಕಂಡರೆ ಆ ಚಿತ್ರ ಬೆಲ್‌ನ ಕಾಲದ್ದಾಗಿರುವುದು ಕಷ್ಟ. ದಾರಕ್ಕೆ ಪೋಣಿಸಿದ ಮಣಿಗಳು ಮಾತ್ರ ಬಹು ಹಳೆಯವು. ನೆರಿಗೆಯ ಹತ್ತಿ ಲಂಗ, ವೆಲ್ವೆಟಿನ್ ಕುಪ್ಪಸ ಇದ್ದರೆ ಅದು ಬಹುಮಟ್ಟಿಗೆ ರೈಲು ಬಂದ ಮೇಲಿನ ಚಿತ್ರ. ರೈಲು ಆ ಸೀಮೆಗೆ ಬಂದದ್ದು 1881ರ ಸುಮಾರಿಗೆ.

ಬೆಟಗೇರಿ ಮಗ್ಗ

ರೈಲಿನ ಮಾತು ಬಂದದ್ದರಿಂದ ಎಲ್ ಎಂಬ ನೇಕಾರ್ತಿಯನ್ನು ನೆನೆಯಬೇಕು. ಅರಿಜೋನಾದ ಗನಾಡೋ ಊರಿನಾಕೆ. ರೈಲು ಪ್ರಯಾಣಿಕರಿಗಾಗಿ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವೇ ಕಂಪನಿ ಆಕೆಯನ್ನು ಅಲ್ಬುಕರ್ಕಿಯ ನಿಲ್ದಾಣದ ಪಕ್ಕದ ಕಟ್ಟಡದಲ್ಲಿ ಪ್ರವಾಸಿಗರೆದುರು ನೇಯಲು ಕೂರಿಸಿತ್ತು. 1903ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರಿಗೆ ಕೊಡಲು ಒಂದು ಕಂಬಳಿಯನ್ನೂ ನೇಯ್ದುಕೊಟ್ಟಳು. ಆ ಕಾಲದಲ್ಲಿ ಅತಿ ಹೆಚ್ಚು ಬಾರಿ ಚಿತ್ರ ತೆಗೆಯಲಾದ ನವಾಹೋ ಹೆಂಗಸರಲ್ಲಿ ಆಕೆ ಒಬ್ಬಳು. ಪೋಸ್ಟ್‌ಕಾರ್ಡಿನಲ್ಲಿ ದೇಶವೆಲ್ಲ ಸುತ್ತಿದಳು. ಹ್ವಾನಿಟಾ ಯಾರದೋ ಹೆಂಡತಿಯಾಗಿ ಚಿತ್ರದಲ್ಲಿ ಉಳಿದರೆ, ಎಲ್ ತನ್ನ ಕಸುಬಿನಿಂದ ಹೆಸರು ಪಡೆದಳು. ಆದರೆ ಆ ಕಸುಬನ್ನು ಕಿಟಕಿಯಲ್ಲಿಟ್ಟ ಸರಕಿನಂತೆ ತೋರಿಸಿದ್ದನ್ನೂ ಮರೆಯಲಾಗದು. ವ್ಯಾಪಾರಿಗಳು ಹೊದಿಕೆಯ ಬದಲು ನೆಲಹಾಸು ನೇಯಿರೆಂದು ಕೇಳತೊಡಗಿದ ಕಾಲ ಅದು. ಆ ಹೊತ್ತಿನ ಎಷ್ಟೋ ಚಿತ್ರಗಳಲ್ಲಿ, ಜಗತ್ತೇ ಮೆಚ್ಚುವ ಕಂಬಳಿ ನೇಯುವ ಹೆಂಗಸು ತಾನು ಹೊದ್ದಿರುವುದು ಗಿರಣಿಯ ಹೊದಿಕೆ.

ಅಜ್ಜಿಯ ಟ್ರಂಕು

ನನಗೆ ಇತಿಹಾಸ ತಿಳಿಯದು. "ಹೆಂಡತಿ" ಎಂಬ ಅಡಿಬರಹದ ಬಗ್ಗೆ ಒಂದು ಮಾತು ಮಾತ್ರ. ನಮ್ಮ ಮನೆಯ ಟ್ರಂಕಿನಲ್ಲಿ 1930ರ ದಶಕದ ಒಂದು ಸ್ಟುಡಿಯೋ ಚಿತ್ರವಿದೆ. ಮುತ್ತಜ್ಜ ಕುರ್ಚಿಯ ಮೇಲೆ, ಪಕ್ಕದಲ್ಲಿ ನಿಂತ ಹೆಂಗಸಿನ ಕೈ ಕುರ್ಚಿಯ ಹಿಡಿಯ ಮೇಲಿದೆ, ಹೆಬ್ಬೆರಳು ಸೆರಗಿನ ಅಂಚನ್ನು ಒತ್ತಿಹಿಡಿದಿದೆ. ಹಿಂಬದಿಯಲ್ಲಿ ಮುತ್ತಜ್ಜನ ಪೂರ್ತಿ ಹೆಸರು ಊರು ಸಮೇತ ಇದೆ, ಆಮೇಲೆ "ಮತ್ತು ಕುಟುಂಬ" ಎಂದಿದೆ. ಆಕೆ ಮೊದಲನೆಯ ಹೆಂಡತಿಯೋ ಎರಡನೆಯವಳೋ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ. ನಾನು ಹುಟ್ಟಿದ್ದು ಅವರಿಬ್ಬರಲ್ಲಿ ಯಾರ ಸಂತಾನದಲ್ಲಿ ಎಂಬುದೂ ಇದರೊಂದಿಗೆ ತಿಳಿಯದೇ ಹೋಯಿತು. ಬೇರೆ ನಾಡಿನ ಛಾಯಾಗ್ರಾಹಕನಲ್ಲ ಅದನ್ನು ಬರೆದದ್ದು, ನಮ್ಮ ಮನೆಯವರೇ.

ನೋಡುವ ಮೊದಲು

ಅಜ್ಜಿಯ ಟ್ರಂಕಿನವರ ಮಾತು ಓದಿ ನನ್ನ ನಿಲುವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ನೋಡದೆ ಇಟ್ಟರೆ ಹೆಸರೂ ಹೋಗುತ್ತದೆ. ಆದರೂ ಚಿತ್ರ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಬಿಟ್ಟುಕೊಡಲಾರೆ. ವಿಲ್ ವಿಲ್ಸನ್ ಎಂಬ ಡಿನೇ ಛಾಯಾಗ್ರಾಹಕ 2012ರಿಂದ ಅದೇ ಒದ್ದೆ ಕೊಲೋಡಿಯನ್ ವಿಧಾನದಲ್ಲಿ ಮೂಲನಿವಾಸಿಗಳ ಭಾವಚಿತ್ರ ತೆಗೆಯುತ್ತಿದ್ದಾರೆ. ಕೂರುವವರು ತಮಗೆ ಬೇಕಾದ ಹಾಗೆ, ಬೇಕಾದ ಉಡುಪಿನಲ್ಲಿ ಬರುತ್ತಾರೆ. ಲೋಹದ ಹಲಗೆಯ ಮೇಲೆ ಮೂಡಿದ ಮೂಲಚಿತ್ರವನ್ನು ಅವರು ಕೂತವರಿಗೇ ಕೊಟ್ಟುಬಿಡುತ್ತಾರೆ. ಅನುಮತಿ ಪಡೆದು ತಾವು ಇಟ್ಟುಕೊಳ್ಳುವುದು ಡಿಜಿಟಲ್ ಪ್ರತಿಯನ್ನು ಮಾತ್ರ. ಬೆಲ್ ಕಾಲದಲ್ಲಿ ಮೂಲ ಗಾಜಿನ ಹಲಗೆ ಸ್ಟುಡಿಯೋದಲ್ಲಿಯೇ ಉಳಿಯುತ್ತಿತ್ತು.

ಹಳೇ ನೆಗೆಟಿವ್

ವಿಲ್ಸನ್ ಅವರ ಚಿತ್ರಗಳನ್ನು ನೋಡಿದ್ದೇನೆ. ರಾಸಾಯನಿಕ ಅದೇ, ಆದ್ದರಿಂದ ಚರ್ಮ ಅಷ್ಟೇ ಕಪ್ಪಾಗಿ, ಗೆರೆಗಳು ಅಷ್ಟೇ ಆಳವಾಗಿ ಬರುತ್ತವೆ. ನನಗೆ ಆ ಮುಖಗಳು ಗಡುಸು ಎಂದು ಅನ್ನಿಸಲೇ ಇಲ್ಲ. ಕೂತವರು ಕ್ಯಾಮೆರಾದ ಹಿಂದಿರುವವನನ್ನು ಬಲ್ಲವರಂತೆ ನೋಡುತ್ತಿದ್ದರು.

ಕೆಂಪುಮಣ್ಣು

ಎಲ್ಲರಿಗೂ ಕೃತಜ್ಞತೆ. ಭಂಡಾರದ ಪ್ರತಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನಿನ್ನೆ ರಾತ್ರಿ ಬಹಳ ಹೊತ್ತು ನೋಡಿದೆ. ಮೊದಲು ಸಂತೆಯಲ್ಲಿ ನೋಡಿದಾಗ ಕಪ್ಪು ಬಟ್ಟೆ ಎಂದುಕೊಂಡದ್ದನ್ನು ಈಗ ಕೆಂಪು ಎಂದು ಅಂದಾಜು ಮಾಡಿಕೊಂಡು ನೋಡುತ್ತಿದ್ದೇನೆ. ಕಣ್ಣು ನಿಧಾನವಾಗಿ ಒಪ್ಪಿಕೊಳ್ಳುತ್ತಿದೆ.

ನನ್ನ ಬಳಿಯಿರುವ ರಟ್ಟಿನ ಹಿಂಬದಿಯ ಪೆನ್ಸಿಲ್ ಬರಹವನ್ನು ಅಳಿಸಲಿಲ್ಲ. ಯಾರೋ ಹಾಗೆ ಬರೆದಿದ್ದರು ಎಂಬುದೂ ದಾಖಲೆಯೇ. ಅದರ ಮೇಲ್ಭಾಗದಲ್ಲಿ ಬೇರೆ ಕಾಗದ ಅಂಟಿಸಿ ಅಸ್‌ಜಾ ತ್ಲೋಗೀ ಎಂದು ಮೊದಲು, ಹ್ವಾನಿಟಾ ಎಂದು ಆಮೇಲೆ, 1874, ವಾಷಿಂಗ್ಟನ್, ಚಾರ್ಲ್ಸ್ ಬೆಲ್ ಎಂದು ಕೊನೆಗೆ ಬರೆದೆ. ಮುಂದಿನ ತಿಂಗಳು ಗ್ಯಾಲಪ್ ಕಡೆಗೆ ಕೆಲಸವಿದೆ. ಅಲ್ಲಿಂದ ವಿಂಡೋ ರಾಕ್ ದೂರವಿಲ್ಲ. ನವಾಹೋ ನೇಷನ್ನಿನ ಸಂಗ್ರಹಾಲಯ ಅಲ್ಲೇ ಇದೆ. 2018ರಲ್ಲಿ ಒಪ್ಪಂದಕ್ಕೆ 150 ವರ್ಷ ತುಂಬಿದಾಗ ಅದರ ಮೂಲಪ್ರತಿಯನ್ನು ವಾಷಿಂಗ್ಟನ್ನಿನಿಂದ ತರಿಸಿ ಜನರಿಗೆ ತೋರಿಸಿದ್ದು ಅಲ್ಲಿಯೇ. ರಟ್ಟನ್ನು ಜೊತೆಗೆ ಒಯ್ದು, ಇಂಥ ಮರುಮುದ್ರಣಗಳನ್ನು ಏನು ಮಾಡಬೇಕೆಂದು ಅವರನ್ನೇ ಕೇಳುತ್ತೇನೆ. ಕೊಡಿ ಎಂದರೆ ಕೊಟ್ಟು ಬರುತ್ತೇನೆ.